ಹಸಿರು ದಾರದ ಗುಂಡಿ

ಮಾರ್ಚ್ 4, ಮಂಗಳವಾರ, ಬೆಳಿಗ್ಗೆ 10.40ಕ್ಕೆ ಟೈಲರಮ್ಮ ಠಾಣೆಯ ಮೆಟ್ಟಿಲು ಹತ್ತಿದರು. ಸಮಯ ಇಷ್ಟು ಕರಾರುವಾಕ್ಕಾಗಿ ಗೊತ್ತಿರುವುದಕ್ಕೆ ಹೆಡ್ ಕಾನ್‌ಸ್ಟೆಬಲ್ ಕಾರಣ. ಯಾರು ಬಂದರು, ಯಾರು ಹೋದರು, ಟೀ ಎಷ್ಟು ಹೊತ್ತಿಗೆ ಬಂತು, ಎಲ್ಲವನ್ನೂ ಬರೆದಿಡುವ ಚಾಳಿ ಆತನಿಗೆ. ಹಾಗಾಗಿ ಠಾಣೆಯಲ್ಲಿ ಎಲ್ಲರೂ ಅವನನ್ನು ಡೈರಿ ಎಂದೇ ಕರೆಯುತ್ತಿದ್ದರು. ಅವನಿಗೂ ಅದರ ಬಗ್ಗೆ ಬೇಸರವಿರಲಿಲ್ಲ.

ಟೈಲರಮ್ಮನ ಕೈಯಲ್ಲಿ ಒಂದು ಬಟ್ಟೆ ಚೀಲವಿತ್ತು. ಅದನ್ನು ಇನ್‌ಸ್ಪೆಕ್ಟರರ ಮೇಜಿನ ಮೇಲಿಟ್ಟು, ಕೂರಲೂ ಇಲ್ಲದೆ ಹೇಳಿದರು.

"ಆಸ್ಪತ್ರೆಯವರ ಮೇಲೆ ಕಂಪ್ಲೇಂಟ್ ಬರ್ಕೊಳ್ಳಿ ಸಾರ್. ನಮ್ಮೆಜಮಾನ್ರನ್ನ ಬಚ್ಚಿಟ್ಟಿದಾರೆ."

ಇನ್‌ಸ್ಪೆಕ್ಟರಿಗೆ ಈಕೆ ಹೊಸಬರಲ್ಲ. ಫೆಬ್ರವರಿ 13ರಂದು ಆಕೆಯ ಗಂಡ ಬೆಳಿಗ್ಗೆ ಕ್ಷೌರಕ್ಕೆಂದು ಹೋದವರು ಮನೆಗೆ ಮರಳಿರಲಿಲ್ಲ. ಮೂವತ್ತು ವರ್ಷ ಒಂದು ದೊಡ್ಡ ಕಟ್ಟಡದಲ್ಲಿ ಲಿಫ್ಟ್ ನಡೆಸಿದವರು. ಎರಡು ವರ್ಷಗಳಿಂದ ಮರೆವು. ಮನೆಯ ದಾರಿ, ಊಟ ಮಾಡಿದ್ದು, ಕೊನೆಗೆ ಹೆಂಡತಿಯ ಹೆಸರು, ಒಂದೊಂದೇ ಕಳಚಿಕೊಂಡಿದ್ದವು. ಉಳಿದಿದ್ದು ಕಸುಬು ಮಾತ್ರ. ಎದುರು ಬಂದವರನ್ನೆಲ್ಲ "ಎಷ್ಟನೇ ಮಹಡಿ?" ಎಂದು ಕೇಳುತ್ತಿದ್ದರು. ಕಾಣೆಯಾದವರ ಪ್ರಕಟಣೆಯಲ್ಲಿ ಡೈರಿ ಈ ಮಾತನ್ನೂ ಸೇರಿಸಿದ್ದ.

"ಯಾವ ಆಸ್ಪತ್ರೆ ಅಮ್ಮಾ? ಮೊದಲು ಕೂತ್ಕೊಳ್ಳಿ."

ಆಕೆ ಕೂತರು. ಹಿಂದಿನ ಗುರುವಾರ ಒಂದು ನಂಬರಿನಿಂದ ಮೆಸೇಜ್ ಬಂದಿತ್ತಂತೆ. ಯಜಮಾನರು ರಸ್ತೆಯಲ್ಲಿ ಬಿದ್ದು ತಲೆಗೆ ಪೆಟ್ಟಾಗಿದೆ, ಬೇರೆ ಊರಿನ ಆಸ್ಪತ್ರೆಯಲ್ಲಿದ್ದಾರೆ, ತಾನು ಅಲ್ಲಿಯ ವಾರ್ಡಿನವನು, ಪೋಸ್ಟರ್ ನೋಡಿ ಗುರುತು ಹಿಡಿದೆ ಎಂದು. ಮೊದಲು ಆಂಬುಲೆನ್ಸಿಗೆ ದುಡ್ಡು, ಆಮೇಲೆ ಸ್ಕ್ಯಾನಿಂಗಿಗೆ, ಕೊನೆಗೆ ಆಪರೇಷನ್ನಿಗೆ. ಮೂರು ದಿನಗಳಲ್ಲಿ ಟೈಲರಮ್ಮ ಹೊಸ ಹೊಲಿಗೆ ಯಂತ್ರಕ್ಕೆ ಕೂಡಿಟ್ಟಿದ್ದನ್ನೂ, ಮಗಳು ಕೈಯಾರೆ ಬಿಚ್ಚಿಕೊಟ್ಟ ಬಳೆಗಳು ತಂದ ದುಡ್ಡನ್ನೂ ಕಳಿಸಿದ್ದರು. ಭಾನುವಾರ ತಾಯಿ ಮಗಳು ಇಬ್ಬರೂ ಬಸ್ಸು ಹಿಡಿದು ಹೋದರು. ಆಸ್ಪತ್ರೆಯೇನೋ ಇತ್ತು, ಅಂಥ ರೋಗಿ ಇರಲಿಲ್ಲ.

"ಎರಡು ದಿನ ಒಂದೊಂದು ವಾರ್ಡೂ ನೋಡಿದ್ವಿ. ಇಲ್ಲ ಅಂತಾರೆ. ಇಲ್ದೆ ಎಲ್ಲಿಗೆ ಹೋಗ್ತಾರೆ? ಬಿಲ್ ಪೂರ್ತಿ ಕಟ್ಲಿಲ್ಲ ಅಂತ ಒಳಗಿಟ್ಕೊಂಡಿದಾರೆ ಸಾರ್."

ಚೀಲದಲ್ಲಿ ಏನಿದೆ ಎಂದು ಇನ್‌ಸ್ಪೆಕ್ಟರ್ ಕೇಳಲಿಲ್ಲ. ಅದರ ಬಾಯಿ ತೆರೆದುಕೊಂಡೇ ಇತ್ತು. ಇಸ್ತ್ರಿ ಮಾಡಿದ ಪ್ಯಾಂಟು, ಅಂಗಿ, ಒಂದು ಟವೆಲು, ಚೀಟಿ ಇನ್ನೂ ಕೀಳದ ಹೊಸ ಚಪ್ಪಲಿ. ಮನೆಗೆ ಕರೆತರುವಾಗ ಹಾಕಿಸಲು ಕೊಂಡುಹೋದ ಬಟ್ಟೆ ಅದು. ಹೋದ ಹಾಗೇ ವಾಪಸು ಬಂದಿತ್ತು.

"ಅಮ್ಮಾ, ನಾನೊಂದು ಮಾತು ಹೇಳಿದ್ದೆ. ಯಾರೇ ಸಂಪರ್ಕ ಮಾಡಿದ್ರೂ ಗುಂಡಿ ವಿಷಯ ಕೇಳಿ ಅಂತ."

"ಕೇಳ್ದೆ ಸಾರ್! ಕೇಳದೆ ಇರ್ತೀನಾ? ನೋಡಿ ಇಲ್ಲಿ."

ಕಾಣೆಯಾದವರ ಪ್ರಕರಣಗಳಲ್ಲಿ ಇನ್‌ಸ್ಪೆಕ್ಟರ್ ಒಂದು ಪದ್ಧತಿ ಇಟ್ಟುಕೊಂಡಿದ್ದರು. ಪ್ರಕಟಣೆಯಲ್ಲಿ ಒಂದು ಗುರುತನ್ನು ಬೇಕೆಂದೇ ಬಿಟ್ಟುಬಿಡುವುದು. ಪೋಸ್ಟರ್ ನೋಡಿ ದುಡ್ಡು ಕೀಳುವವರಿಗೆ ಪೋಸ್ಟರಿನಲ್ಲಿ ಇದ್ದಷ್ಟೇ ಗೊತ್ತಿರುತ್ತದೆ, ಇಲ್ಲದ್ದನ್ನು ಹೇಳಿದವನು ಮಾತ್ರ ನಿಜವಾಗಿ ನೋಡಿದವನು. ಟೈಲರಮ್ಮನ ಗಂಡ ಅವತ್ತು ತೊಟ್ಟಿದ್ದದ್ದು ಕಂದು ಬಣ್ಣದ ಅಂಗಿ. ಹಿಂದಿನ ದಿನ ಅದರ ಎರಡನೇ ಗುಂಡಿ ಕಿತ್ತುಬಂದು, ಕಂದು ದಾರ ಮುಗಿದಿದ್ದರಿಂದ ಆಕೆ ಹಸಿರು ದಾರದಲ್ಲಿ ಹೊಲಿದಿದ್ದರು. ಪ್ರಕಟಣೆಯಲ್ಲಿ ಕಂದು ಅಂಗಿ ಎಂದಷ್ಟೇ ಇತ್ತು. ಹಸಿರು ದಾರವನ್ನು ಇನ್‌ಸ್ಪೆಕ್ಟರ್ ಗುರುತಾಗಿ ಮುಚ್ಚಿಟ್ಟಿದ್ದರು.

ಫೋನಿನಲ್ಲಿ ಟೈಲರಮ್ಮನ ಪ್ರಶ್ನೆ ಇತ್ತು: ಅಂಗೀಲಿ ಏನಾದ್ರೂ ವಿಶೇಷ ಇದ್ಯಾ? ಹದಿನೈದು ನಿಮಿಷದ ನಂತರ ಉತ್ತರವೂ ಇತ್ತು, ಅದೂ ಚಿತ್ರದಲ್ಲಿ. ಆಸ್ಪತ್ರೆಯ ಮಂಚ, ಅರ್ಧ ಮುಖಕ್ಕೆ ಬ್ಯಾಂಡೇಜು ಸುತ್ತಿದ ಮುದುಕ, ಕಂದು ಅಂಗಿ. ಎದೆಯ ಮೇಲಿನ ಗುಂಡಿಯಲ್ಲಿ ಹಸಿರು ದಾರ ಎದ್ದು ಕಾಣುತ್ತಿತ್ತು. ಕೆಳಗೆ ಬರೆದಿತ್ತು: "ಪ್ರಜ್ಞೆ ಬಂದಾಗೆಲ್ಲ ಎಷ್ಟನೇ ಮಹಡಿ ಅಂತ ಕೇಳ್ತಾರೆ."

ಇನ್‌ಸ್ಪೆಕ್ಟರಿಗೆ ಯಾರೋ ಕಪಾಳಕ್ಕೆ ಹೊಡೆದಂತಾಯಿತು. ಈಕೆ ಮೋಸ ಹೋದದ್ದು ತಮ್ಮ ಮಾತು ಕೇಳದೆ ಅಲ್ಲ, ಚಾಚೂ ತಪ್ಪದೆ ಕೇಳಿ. ಅದನ್ನು ಆಕೆಗೆ ಹೇಳುವುದು ಹೇಗೆಂದು ಅವರಿಗೆ ತಿಳಿಯಲಿಲ್ಲ. ಕೊನೆಗೆ ನೇರವಾಗಿಯೇ ಹೇಳಿದರು.

"ಅಮ್ಮಾ, ಆಸ್ಪತ್ರೆಯವರು ಯಾರನ್ನೂ ಬಚ್ಚಿಟ್ಟಿಲ್ಲ. ಯಾರೋ ನಿಮಗೆ ಮೋಸ ಮಾಡಿದಾರೆ."

ಟೈಲರಮ್ಮ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

"ದುಡ್ಡು ಹೋದ್ರೆ ಹೋಗ್ಲಿ ಸಾರ್. ಹಾಗಾದ್ರೆ ಅವರು ಸಿಕ್ಕಿಲ್ವಾ?"

"ಇನ್ನೂ ಇಲ್ಲ."

ಆಕೆ ಅತ್ತದ್ದು ಆಗ. ಗಂಡ ಕಳೆದುಹೋದ ದಿನವೂ ಇಷ್ಟು ಅತ್ತಿರಲಿಲ್ಲ ಎಂದು ಡೈರಿಗೆ ನೆನಪಿತ್ತು. ಆ ಸಮಯವನ್ನು ಅವನು ಬರೆದುಕೊಳ್ಳಲಿಲ್ಲ.

11.30ಕ್ಕೆ ಎಫ್‌ಐಆರ್ ದಾಖಲಾಯಿತು. ಇಬ್ಬರು ಪಂಚರ ಸಮಕ್ಷಮ ಫೋನನ್ನು ವಶಕ್ಕೆ ಪಡೆಯುವ ಪಂಚನಾಮೆ ಬರೆಯಬೇಕಾದಾಗ ಟೈಲರಮ್ಮ ಫೋನು ಬಿಡಲೇ ಇಲ್ಲ.

"ಪೋಸ್ಟರಲ್ಲಿ ಇದೇ ನಂಬರ್ ಇರೋದು. ನಿಜವಾಗ್ಲೂ ಯಾರಾದ್ರೂ ಫೋನ್ ಮಾಡಿದ್ರೆ?"

ಮಹಿಳಾ ಕಾನ್‌ಸ್ಟೆಬಲ್ ತನ್ನ ಹಳೆಯ ಫೋನು ತಂದು, ಸಿಮ್ ಅದಕ್ಕೆ ಹಾಕಿ ಆಕೆಯ ಕೈಗಿಟ್ಟಳು. ಕೆಲಸಕ್ಕೆ ಸೇರಿ ಆರು ತಿಂಗಳಾಗಿದ್ದ ಹುಡುಗಿ, ಆದರೆ ಇಂಥ ಕೇಸುಗಳಲ್ಲಿ ಠಾಣೆಯ ಹಳಬರೆಲ್ಲ ಅವಳ ಮುಖ ನೋಡುತ್ತಿದ್ದರು. ಮೆಸೇಜುಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿ ತಲೆಯಾಡಿಸಿದಳು.

"ಎಲ್ಲಾ ಲಕ್ಷಣಾನೂ ಇದೆ ಸಾರ್. ಐಸಿಯು ಒಳಗೆ ಮಾತಾಡೋ ಹಾಗಿಲ್ಲ ಅಂತ ಒಂದು ಸಲಾನೂ ಫೋನ್ ಎತ್ತಿಲ್ಲ. ಇನ್ನರ್ಧ ಗಂಟೇಲಿ ಕಟ್ಟದಿದ್ರೆ ಆಪರೇಷನ್ ಇಲ್ಲ ಅಂತ ಅವಸರ. ಪೊಲೀಸ್ ಕೇಸ್ ಆದ್ರೆ ಡಿಸ್ಚಾರ್ಜ್ ಮಾಡಲ್ಲ, ಯಾರಿಗೂ ಹೇಳ್ಬೇಡಿ ಅಂತ ಹೆದರಿಸಿದಾನೆ. ಆಸ್ಪತ್ರೆ ದುಡ್ಡನ್ನ ಯಾರದೋ ಸ್ವಂತ ಖಾತೆಗೆ ಹಾಕಿಸ್ಕೊಂಡಿದಾನೆ."

"ಆಸ್ಪತ್ರೆಯ ನಂಬರ್ ಹುಡುಕಿ ಒಂದು ಫೋನ್ ಮಾಡಿದ್ರೆ ಸಾಕಿತ್ತು," ಎಂದ ಡೈರಿ.

"ಮಾಡೋಣ ಅಂದೆ," ತಾಯಿಯ ಜೊತೆ ಬಂದು ಅಲ್ಲಿಯವರೆಗೆ ಮೂಲೆಯಲ್ಲಿ ನಿಂತಿದ್ದ ಮಗಳು ಹೇಳಿದಳು. "ಅಮ್ಮ ಬೇಡ ಅಂದ್ರು. ಅಪ್ಪನಿಗೆ ತೊಂದ್ರೆ ಆಗತ್ತೆ ಅಂತ."

ದುಡ್ಡು ಕಳಿಸಿದ ಒಂದೆರಡು ಗಂಟೆಯೊಳಗೆ ದೂರು ಬಂದಿದ್ದರೆ ಬ್ಯಾಂಕಿಗೆ ಹೇಳಿ ಖಾತೆ ತಡೆಹಿಡಿಸಬಹುದಿತ್ತು. ಈಗ ಮೂರು ದಿನ ಕಳೆದಿತ್ತು. ಆದರೂ ಇನ್‌ಸ್ಪೆಕ್ಟರ್ ಬ್ಯಾಂಕಿಗೂ ಫೋನ್ ಕಂಪನಿಗೂ ಅವತ್ತೇ ಪತ್ರ ಬರೆದರು.

ಮಾರ್ಚ್ 5, ಬುಧವಾರ, ಮಧ್ಯಾಹ್ನ 2.15ಕ್ಕೆ ಬ್ಯಾಂಕಿನ ಉತ್ತರ ಬಂತು. ಖಾತೆ ಒಬ್ಬ ಗ್ಯಾರೇಜ್ ಮೆಕ್ಯಾನಿಕ್‌ನದು. ಅವನನ್ನು ಕರೆತಂದಾಗ ಕೈಯ ಗ್ರೀಸು ಇನ್ನೂ ಒರೆಸಿಕೊಂಡಿರಲಿಲ್ಲ.

"ಖಾತೆ ನಿಂದೇನಾ?"

"ನಂದೇ ಸಾರ್. ಬಾಡಿಗೆಗೆ ಕೊಟ್ಟಿದೀನಿ."

"ಖಾತೆ ಏನು ಮನೆಯೇನಯ್ಯಾ, ಬಾಡಿಗೆಗೆ ಕೊಡೋಕೆ?"

ಬಸ್ ಸ್ಟಾಪಿನ ಗೋಡೆಯ ಮೇಲೆ ಚೀಟಿ ಅಂಟಿಸಿದ್ದರಂತೆ. ಕೂತಲ್ಲೇ ಸಂಪಾದನೆ, ನಿಮ್ಮ ಖಾತೆ ಸುಮ್ಮನೆ ಬಿದ್ದಿದೆಯೇ ಎಂದು. ನಂಬರಿಗೆ ಮೆಸೇಜ್ ಮಾಡಿ, ಪಾಸ್‌ವರ್ಡ್ ಕೊಟ್ಟು, ಒಟಿಪಿ ಬಂದಾಗೆಲ್ಲ ಹೇಳುತ್ತಿದ್ದ. ಯಾರು ಏನು ಎತ್ತ, ಒಂದೂ ಗೊತ್ತಿಲ್ಲ. ಯಾರ ಮುಖವನ್ನೂ ನೋಡಿರಲಿಲ್ಲ. ತನ್ನ ಮೇಲೂ ಕೇಸು ಬೀಳುತ್ತದೆ ಎಂದು ತಿಳಿದಾಗ ಮೆಕ್ಯಾನಿಕ್ ಬೆಪ್ಪಾಗಿ ಕೂತ.

ಅವನ ಖಾತೆಗೆ ಬಂದ ದುಡ್ಡು ಪ್ರತಿಸಲವೂ ಹತ್ತು ನಿಮಿಷದೊಳಗೆ ಬಹುದೂರದ ಒಂದು ಊರಿನ ಖಾತೆಗೆ ಹೋಗಿತ್ತು. ದೂರದ ತಂಡದ್ದೇ ಕೈವಾಡ ಎಂದು ಡೈರಿ ನಿರ್ಧರಿಸಿಬಿಟ್ಟ. ಆದರೆ ಸಂಜೆ 5.50ಕ್ಕೆ ಫೋನ್ ಕಂಪನಿಯ ವಿವರ ಬಂದಾಗ ಕಥೆ ಬೇರೆಯಾಯಿತು. ಮೆಸೇಜ್ ಮಾಡಿದ ನಂಬರು ತೀರಿಹೋದ ಯಾರದೋ ಹೆಸರಿನಲ್ಲಿತ್ತು. ಅದು ಬಳಕೆಯಾದಾಗೆಲ್ಲ ಸಿಕ್ಕಿದ್ದು ಒಂದೇ ಟವರು, ಠಾಣೆಯ ಮುಂದಿನ ಮಾರುಕಟ್ಟೆ ರಸ್ತೆಯದು.

"ದುಡ್ಡು ಎಲ್ಲಿಗೋ ಹೋಗಿದೆ, ಮನುಷ್ಯ ಇಲ್ಲೇ ಇದಾನೆ," ಎಂದರು ಇನ್‌ಸ್ಪೆಕ್ಟರ್. "ಗುಂಡಿ ವಿಷಯ ಯಾರ್ಯಾರಿಗೆ ಗೊತ್ತಿತ್ತು?"

"ತಾಯಿ, ಮಗಳು, ನೀವು, ನಾನು," ಡೈರಿ ಬೆರಳು ಮಡಚಿದ. ತನ್ನ ಹೆಸರು ತಾನೇ ಹೇಳುವಾಗ ಅವನ ದನಿ ಸಣ್ಣಗಾಯಿತು. ಅವತ್ತು ಯಾರೂ ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡಲಿಲ್ಲ.

ಮಾರ್ಚ್ 6, ಗುರುವಾರ, ಬೆಳಿಗ್ಗೆ 9.20. ಮಹಿಳಾ ಕಾನ್‌ಸ್ಟೆಬಲ್ ಮೂರು ಚಿತ್ರಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಒಂದು ಪೋಸ್ಟರು. ಒಂದು ಆಸ್ಪತ್ರೆಯ ಚಿತ್ರ. ಮೂರನೆಯದು, ಮಗಳು ಅಪ್ಪ ಕಾಣೆಯಾಗುವ ಹಿಂದಿನ ದಿನ ತೆಗೆದಿದ್ದ ಫೋಟೋ. ಅದರಲ್ಲಿ ಅಪ್ಪ ಹೊಸದಾಗಿ ಹೊಲಿದ ಗುಂಡಿಯನ್ನು ಹೆಬ್ಬೆರಳಿನಿಂದ ತೋರಿಸಿ ನಗುತ್ತಿದ್ದರು.

"ಅಂಗಿಯ ಮಡಿಕೆ ನೋಡಿ ಸಾರ್. ಆಸ್ಪತ್ರೆ ಚಿತ್ರದ ಅಂಗೀನೂ ಈ ಫೋಟೋದ ಅಂಗೀನೂ ಒಂದೇ. ಇದರಿಂದ ಕತ್ತರಿಸಿ ಅಲ್ಲಿಗೆ ಅಂಟಿಸಿದಾರೆ. ಆದ್ರೆ ಪೋಸ್ಟರಲ್ಲಿ ಬರೀ ಮುಖ ಇದೆ, ಅಂಗಿ ಇಲ್ಲ. ಹಾಗಾದ್ರೆ ಅವನಿಗೆ ಇಡೀ ಫೋಟೋ ಸಿಕ್ಕಿದ್ದು ಎಲ್ಲಿಂದ?"

ಟೈಲರಮ್ಮನನ್ನು ಕರೆಸಿದರು. ಆಕೆ ಫೋಟೋವನ್ನು ಬೇರೆ ಯಾರಿಗೂ ಕಳಿಸಿರಲಿಲ್ಲ.

"ಪೋಸ್ಟರ್ ಮಾಡಿಸೋಕೆ ಕೊಟ್ಟೆ, ಅಷ್ಟೇ. ಪ್ರಿಂಟಿಂಗ್ ಅಂಗಡಿ ಅಣ್ಣನಿಗೆ."

"ಇಡೀ ಫೋಟೋ ಕೊಟ್ರಾ?"

"ಹೌದು. ಆದ್ರೆ ಕತ್ತಿನ ಕೆಳಗೆ ಬರದೆ ಇರೋ ಹಾಗೆ ಕತ್ತರಿಸಿ ಅಂತ ಹುಷಾರಾಗಿ ಹೇಳಿದೀನಿ. ಯಾಕೆ ಅಂತ ಕೇಳಿದ್ರು. ಹಸಿರು ದಾರ ಕಾಣಬಾರದು, ಅದು ಗುರುತು, ಯಾರಾದ್ರೂ ಫೋನ್ ಮಾಡಿದ್ರೆ ಅದನ್ನ ಕೇಳ್ಬೇಕಂತ ಇನ್‌ಸ್ಪೆಕ್ಟರ್ ಸಾಹೇಬ್ರು ಹೇಳಿದಾರೆ ಅಂದೆ." ಆಕೆ ಅಲ್ಲಿಗೆ ನಿಲ್ಲಿಸಿ ಮೂವರ ಮುಖವನ್ನೂ ನೋಡಿದರು. "ನಾನು ಹುಷಾರಾಗಿರ್ಲಿ ಅಂತ ಹೇಳಿದ್ದು ಸಾರ್."

ಡೈರಿ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಕೂತ. ಠಾಣೆಯ ಎದುರು ಸಾಲಿನ ಆ ಅಂಗಡಿಗೆ ಟೈಲರಮ್ಮನನ್ನು ಕಳಿಸಿದ್ದು ಅವನೇ. ಕಾಣೆಯಾದವರ ಮನೆಯವರನ್ನೆಲ್ಲ ಅವನು ಅಲ್ಲಿಗೇ ಕಳಿಸುತ್ತಿದ್ದ. ಯಾಕೆಂದರೆ ಪ್ರಿಂಟಿಂಗ್ ಅಂಗಡಿಯವನು ಕಾಣೆಯಾದವರ ಪೋಸ್ಟರಿಗೆ ಬಿಡಿಗಾಸೂ ಮುಟ್ಟುತ್ತಿರಲಿಲ್ಲ.

"ನಂಗೆ ಟೀ ತರಿಸಿಕೊಟ್ಟಿದ್ರು," ಎಂದರು ಟೈಲರಮ್ಮ. "ಅಳಬೇಡಿ, ಸಿಗ್ತಾರೆ ಅಂದಿದ್ರು."

11.05ಕ್ಕೆ ಪಂಚರೊಂದಿಗೆ ಅಂಗಡಿಯ ಶೋಧನೆ ಆರಂಭವಾಯಿತು. ಮೂರು ಹೆಜ್ಜೆ ಅಗಲದ ಅಂಗಡಿ, ಎರಡು ಕಂಪ್ಯೂಟರು, ಬಿಸಿಯಾದ ಕಾಗದದ ವಾಸನೆ. ಗಲ್ಲಾದ ಹಿಂದೆ ನಲವತ್ತರ ಆಸುಪಾಸಿನ ಮನುಷ್ಯ ಯಾರದೋ ಮದುವೆಯ ಆಮಂತ್ರಣ ಪತ್ರ ಜೋಡಿಸುತ್ತಿದ್ದ. ಪೊಲೀಸರನ್ನು ಕಂಡು ಗಾಬರಿಯಾಗಲಿಲ್ಲ. ಕೈಯಲ್ಲಿದ್ದ ಕಾಗದಗಳನ್ನು ಅಂಚು ಸರಿಮಾಡಿ ಪಕ್ಕಕ್ಕಿಟ್ಟು ಎದ್ದು ನಿಂತ.

ಎರಡನೇ ಕಂಪ್ಯೂಟರಿನಲ್ಲಿ ಆಸ್ಪತ್ರೆಯ ಚಿತ್ರದ ಮೂಲ ಸಿಕ್ಕಿತು. ಮಂಚ ಬೇರೆ, ಬ್ಯಾಂಡೇಜು ಬೇರೆ, ಅಂಗಿ ಬೇರೆ, ಒಂದರ ಮೇಲೊಂದು ಪದರ. ಪ್ರಿಂಟರಿನ ಖಾಲಿ ಟೋನರ್ ಡಬ್ಬಿಯೊಳಗೆ ಮೆಸೇಜ್ ಮಾಡಿದ ಸಿಮ್ ಸಿಕ್ಕಿತು. ಕಪಾಟಿನ ತಳದಲ್ಲಿ ಬಸ್ ಸ್ಟಾಪಿಗೆ ಅಂಟಿಸಿ ಉಳಿದ ಚೀಟಿಗಳ ಕಟ್ಟೂ ಸಿಕ್ಕಿತು. ಎಲ್ಲವನ್ನೂ ಡೈರಿ ಪಂಚನಾಮೆಯಲ್ಲಿ ಬರೆದ. ಅಕ್ಷರ ಎಂದಿಗಿಂತ ಸೊಟ್ಟಗಿತ್ತು.

ಅಂಗಡಿಯ ಬಾಗಿಲಿನ ಒಳಮೈಗೆ ಬಣ್ಣ ಮಾಸಿದ ಒಂದು ಪೋಸ್ಟರ್ ಅಂಟಿಸಿತ್ತು. ಕಾಣೆಯಾಗಿದ್ದಾರೆ. ವಯಸ್ಸು ನಲವತ್ತಾರು. ದುಂಡು ಮುಖ, ಗೋಧಿ ಮೈಬಣ್ಣ. ಕೆಳಗಿದ್ದ ನಂಬರು ಅಂಗಡಿಯವನದೇ.

"ಇದು ಯಾರು?"

"ಅಕ್ಕ ಸಾರ್."

ಡೈರಿ ಇನ್‌ಸ್ಪೆಕ್ಟರರ ಕಿವಿಯ ಬಳಿ ಹೇಳಿದ. ಮೂರು ವರ್ಷದ ಹಿಂದಿನ ಕೇಸು, ನೀವು ಇಲ್ಲಿಗೆ ಬರೋ ಮುಂಚೆ. ಪತ್ತೆಯಾಗಲಿಲ್ಲ ಎಂದು ಫೈಲು ಮುಚ್ಚಿದ್ದೇವೆ.

12.40ಕ್ಕೆ ಬಂಧನ. 3 ಗಂಟೆಗೆ ವಿಚಾರಣೆ. ಅವನು ಏನನ್ನೂ ಅಲ್ಲಗಳೆಯಲಿಲ್ಲ.

"ಎಲ್ಲಿ ಕಲಿತೆ ಇದನ್ನ?"

"ನನಗೆ ಮಾಡಿದ್ರಲ್ಲ ಸಾರ್, ಅದರಿಂದ್ಲೇ. ಅಕ್ಕ ಹೋಗಿ ಒಂದು ತಿಂಗಳಿಗೆ ಮೆಸೇಜ್ ಬಂತು. ನಿಮ್ಮಕ್ಕ ನಮ್ಮ ಆಶ್ರಮದಲ್ಲಿದಾರೆ, ಖರ್ಚಿಗೆ ಕಳಿಸಿ ಅಂತ. ಮಾತಾಡಿಸಿ ಅಂದ್ರೆ ಮೆಸೇಜ್ ಮಾತ್ರ ಅಂತಿದ್ರು. ನಾನು ಆ ಅಮ್ಮನಿಗೆ ಬರೆದಿದ್ದೆಲ್ಲ ಅವರು ನನಗೆ ಬರೆದಿದ್ದೇ. ಊರು, ಹೆಸರು ಬದಲಾಯಿಸಿದೆ."

"ಆ ಅಮ್ಮನ ದುಡ್ಡು ಏನು ಮಾಡಿದೆ?"

"ಅವನಿಗೇ ಕಳಿಸ್ದೆ."

"ಯಾರಿಗೆ?"

"ಅಕ್ಕ ಇದಾರೆ ಅಂತ ಹೇಳೋನಿಗೆ. ಈಗ್ಲೂ ಪ್ರತಿ ವಾರ ಮೆಸೇಜ್ ಮಾಡ್ತಾನೆ. ಕೇಳೋದು ಜಾಸ್ತಿ ಆಯ್ತು. ನನ್ನ ಹತ್ರ ಇದ್ದಿದ್ದೆಲ್ಲ ಮುಗೀತು."

ಬಹುದೂರದ ಖಾತೆಯ ಗಂಟು ಅಲ್ಲಿ ಬಿಚ್ಚಿಕೊಂಡಿತು. ಮಹಿಳಾ ಕಾನ್‌ಸ್ಟೆಬಲ್ ಅವನ ಫೋನು ತೆರೆದು ಮುಂದಿಟ್ಟಳು. ನೂರಾರು ಚಿತ್ರಗಳು. ಕಿಟಕಿಯ ಪಕ್ಕ ಕೂತ ಅಕ್ಕ, ಗಿಡಕ್ಕೆ ನೀರು ಹಾಕುವ ಅಕ್ಕ, ಊಟದ ತಟ್ಟೆ ಹಿಡಿದ ಅಕ್ಕ. ಎಲ್ಲದರಲ್ಲೂ ಮುಖ ಒಂದೇ, ಬಾಗಿಲ ಹಿಂದಿನ ಪೋಸ್ಟರಿನದು.

ಇನ್‌ಸ್ಪೆಕ್ಟರಿಗೆ ಸಿಟ್ಟು ಬಂದಿತ್ತು.

"ನೀನು ದಿನಾ ಫೋಟೋ ಕತ್ತರಿಸಿ ಅಂಟಿಸೋನು. ಇದು ನಕಲಿ ಅಂತ ಗೊತ್ತಾಗ್ಲಿಲ್ವಾ?"

"ಮೊದಲನೇ ದಿನಾನೇ ಗೊತ್ತಾಯ್ತು ಸಾರ್. ಅಕ್ಕನ ಎಡಗೈ ಕಿರುಬೆರಳು ಸೊಟ್ಟ. ಚಿಕ್ಕವನಿದ್ದಾಗ ನಾನೇ ಬಾಗಿಲಿಗೆ ಸಿಕ್ಕಿಸಿದ್ದು. ಇದರಲ್ಲಿ ನೆಟ್ಟಗಿದೆ."

"ಮತ್ತೆ ಯಾಕಯ್ಯಾ ಕಳಿಸ್ತಾ ಬಂದೆ?"

ಅವನು ಫೋನಿನ ಕಡೆಯೇ ನೋಡುತ್ತಿದ್ದ.

"ಕಳಿಸೋದು ನಿಲ್ಸಿದ್ರೆ ಅವನು ಮೆಸೇಜ್ ಮಾಡೋದು ನಿಲ್ಲಿಸ್ತಾನೆ. ಅಕ್ಕ ಊಟ ಮಾಡಿದ್ರು, ಅಕ್ಕ ಮಲಗಿದ್ರು ಅಂತ ಹೇಳೋರು ಲೋಕದಲ್ಲಿ ಅವನೊಬ್ಬನೇ ಸಾರ್. ಅವನೂ ನಿಲ್ಸಿದ್ರೆ ಅಕ್ಕ ಎಲ್ಲೂ ಇರಲ್ಲ."

ತಲೆ ಎತ್ತಿ ಅವನೇ ಕೇಳಿದ. "ಆ ಅಮ್ಮ ಆ ಮೂರು ದಿನ ನಿದ್ದೆ ಮಾಡಿದ್ರಾ ಸಾರ್? ನನಗೆ ಮೊದಲ ಮೆಸೇಜ್ ಬಂದಾಗ ನಾನು ಮಾಡಿದ್ದೆ."

ಇನ್‌ಸ್ಪೆಕ್ಟರ್ ಹೇಳಿಕೆಯ ಹಾಳೆಗಳನ್ನು ಜೋಡಿಸಿದರು. ಮೂರು ದಿನ ನಿದ್ದೆ ಮಾಡಿಸಿ, ನಾಲ್ಕನೇ ದಿನ ಆಕೆ ಗಂಡನನ್ನು ಎರಡನೇ ಸಲ ಕಳೆದುಕೊಳ್ಳುವಂತೆ ಮಾಡಿದವನು ಇವನು. ಅವರು ಹೇಳಿಕೆಗೆ ಸಹಿ ಮಾಡಿಸಿಕೊಂಡು, ನಾಳೆ ನ್ಯಾಯಾಧೀಶರ ಮುಂದೆ ಹಾಜರುಪಡಿಸಲು ಸೂಚಿಸಿ ಹೊರಬಂದರು. ದೂರದ ಖಾತೆಯ ಬಗ್ಗೆ ಆ ಊರಿನ ಠಾಣೆಗೆ ಪತ್ರ ಬರೆದರು. ಆಮೇಲೆ ಅಲ್ಮೇರಾದಿಂದ ಅಕ್ಕನ ಹಳೆಯ ಫೈಲು ತೆಗೆಸಿ, ದೂಳು ಕೊಡವಿ, ಮತ್ತೆ ತೆರೆಯುವಂತೆ ಮೊದಲ ಪುಟದಲ್ಲಿ ಬರೆದು ಸಹಿ ಹಾಕಿದರು. ಗುರುತುಗಳ ಪಟ್ಟಿಯಲ್ಲಿ ಕಿರುಬೆರಳಿನ ಪ್ರಸ್ತಾಪವೇ ಇರಲಿಲ್ಲ. ಅವತ್ತು ಅವನನ್ನು ಯಾರೂ ಅಷ್ಟು ಕೂಲಂಕಷವಾಗಿ ಕೇಳಿರಲಿಲ್ಲ.

ಮಾರ್ಚ್ 20, ಗುರುವಾರ, ಸಂಜೆ 4.30ಕ್ಕೆ ನ್ಯಾಯಾಲಯದ ಅನುಮತಿ ಪಡೆದು ಇನ್‌ಸ್ಪೆಕ್ಟರ್ ತಾವೇ ಫೋನು ಹಿಂತಿರುಗಿಸಲು ಟೈಲರಮ್ಮನ ಅಂಗಡಿಗೆ ಹೋದರು. ಆಕೆ ಯಾರದೋ ಪ್ಯಾಂಟಿನ ಅಂಚು ಮಡಚಿ ಹೊಲಿಯುತ್ತಿದ್ದರು. ಯಂತ್ರ ಹಳೆಯದೇ. ಕಪಾಟಿನ ಮೇಲೆ ಬಟ್ಟೆ ಚೀಲ ಹಾಗೇ ಇತ್ತು, ಚಪ್ಪಲಿಯ ತುದಿ ಹೊರಗೆ ಇಣುಕುತ್ತಿತ್ತು. ಮೇಜಿನ ಮೇಲೆ ಹೊಸ ಪೋಸ್ಟರುಗಳ ಕಟ್ಟು. ಮಗಳು ಬೇರೆ ರಸ್ತೆಯ ಅಂಗಡಿಯಲ್ಲಿ ದುಡ್ಡು ಕೊಟ್ಟು ಮಾಡಿಸಿದ್ದಳು.

"ನನ್ನ ಮಾತು ಕೇಳಿಯೇ ನಿಮಗೆ ಹೀಗಾಯ್ತು," ಎಂದರು ಇನ್‌ಸ್ಪೆಕ್ಟರ್. ಎರಡು ವಾರದಿಂದ ಹೇಳಬೇಕೆಂದಿದ್ದ ಮಾತು. "ತಪ್ಪಾಯ್ತಮ್ಮಾ."

ಟೈಲರಮ್ಮ ಯಂತ್ರ ನಿಲ್ಲಿಸಿದರು.

"ನೀವು ಒಳ್ಳೇದಕ್ಕೇ ಹೇಳಿದ್ರಿ. ನಾನೂ ಒಳ್ಳೇದಕ್ಕೇ ಅವನಿಗೆ ಹೇಳ್ದೆ."

"ಹೊಸ ಗುರುತು ಒಂದು ಬೇಕು. ಗುಂಡಿ ಇನ್ನು ಎಲ್ಲರಿಗೂ ಗೊತ್ತು."

"ಇದೆ ಸಾರ್. ಅವರನ್ನ ಒಂದು ಮಾತು ಕೇಳಿ ಅಂತೀನಿ. ಅದಕ್ಕೆ ಅವರು ಏನಂತಾರೋ ನನಗೆ ಗೊತ್ತು. ನನ್ನ ಹೆಸರು ಮರೆತಿದಾರೆ, ಅದನ್ನ ಮರೆತಿಲ್ಲ."

ಇನ್‌ಸ್ಪೆಕ್ಟರ್ ಜೇಬಿನಿಂದ ಪುಸ್ತಕ ತೆಗೆದು ಪೆನ್ನು ಹಿಡಿದರು. ಟೈಲರಮ್ಮ ಪ್ಯಾಂಟಿನ ಅಂಚನ್ನು ಮತ್ತೆ ಸೂಜಿಯ ಕೆಳಗೆ ಸರಿಸಿದರು.

"ಈ ಸಲ ನಿಮಗೂ ಹೇಳಲ್ಲ ಸಾರ್."

ಇನ್‌ಸ್ಪೆಕ್ಟರ್ ಗುರುತು ಎಂಬುದರ ಮುಂದೆ, ಹೆಂಡತಿಗೆ ಗೊತ್ತಿದೆ, ಎಂದು ಬರೆದುಕೊಂಡರು.